ಲೋಳೆಸರದ ಮೆತ್ತನೆಯ ಎಲೆ ನೀರು ಕೇಳುತ್ತಿಲ್ಲ

ಚಿತ್ರದುರ್ಗದಲ್ಲಿ ಸಸಿ ಬೆಳೆಸಿ ಮಾರುವ ಕೆಲಸಕ್ಕೆ ಇಳಿದು 19 ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಬಿಸಿಲಿಗೆ ಸತ್ತ ಲೋಳೆಸರವನ್ನು ನಾನು ಕಂಡದ್ದು ತೀರಾ ಕಡಿಮೆ. ನೀರಿಗೆ ಸತ್ತದ್ದನ್ನು ಮಾತ್ರ ವಾರಕ್ಕೊಬ್ಬರಾದರೂ ಕುಂಡದ ಸಮೇತ ಹೊತ್ತು ತರುತ್ತಾರೆ. ಹೀಗೆ ತರುವವರೆಲ್ಲ ಗಿಡದ ಮೇಲೆ ಪ್ರೀತಿಯುಳ್ಳವರೇ. ಬೆಳಿಗ್ಗೆ ತುಳಸಿಗೆ ನೀರೆರೆದ ಚೊಂಬಿನಲ್ಲಿ ಉಳಿದದ್ದನ್ನು ಪಕ್ಕದ ಲೋಳೆಸರಕ್ಕೂ ಹಾಕಿ ಒಳಗೆ ಹೋಗುವವರು.

ಕಳೆದ ಶ್ರಾವಣದಲ್ಲಿ ದಾವಣಗೆರೆಯಿಂದ ಬಂದ ನಿವೃತ್ತ ಶಿಕ್ಷಕಿಯೊಬ್ಬರು, "ಎಲೆ ಮೆತ್ತಗಾಯಿತು, ಬಾಯಾರಿರಬೇಕು ಅಂತ ಎರಡು ಹೊತ್ತೂ ನೀರು ಹಾಕಿದೆ, ಆದರೂ ಹೀಗಾಯಿತಲ್ಲಪ್ಪ" ಎಂದು ಕಣ್ಣು ತುಂಬಿಕೊಂಡರು. ಕುಂಡವನ್ನು ಬೋರಲು ಹಾಕಿದಾಗ ಎರೆಮಣ್ಣು ಒಂದೇ ಮುದ್ದೆಯಾಗಿ ಜಾರಿ ಬಂತು. ಬೇರುಗಳು ಕಪ್ಪಾಗಿದ್ದವು, ಎಳೆದರೆ ಸಿಪ್ಪೆ ಕೈಗೇ ಬರುತ್ತಿತ್ತು.

ಬಹಳ ಮಂದಿ ತಪ್ಪಿ ತಿಳಿಯುವುದು ಇಲ್ಲಿಯೇ ಆದ್ದರಿಂದ ಈ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ನಿಜವಾಗಿ ಬಾಯಾರಿದ ಲೋಳೆಸರದ ಎಲೆ ತೆಳುವಾಗುತ್ತದೆ, ಅಂಚುಗಳು ಒಳಕ್ಕೆ ಮಡಚಿ ದೋಣಿಯಂತಾಗುತ್ತವೆ, ಮೈಮೇಲೆ ಸುಕ್ಕು ಬೀಳುತ್ತದೆ. ಆದರೆ ಹಿಚುಕಿ ನೋಡಿದರೆ ಅದು ತೊಗಲಿನಂತೆ ಗಟ್ಟಿಯಾಗಿರುತ್ತದೆ. ನೀರು ಹೆಚ್ಚಾದ ಗಿಡದ ಎಲೆ ಬುಡದ ಕಡೆಯಿಂದ ಹಳದಿಯಾಗಿ, ಬೆಂದ ಈರುಳ್ಳಿಯ ಪದರದಂತೆ ಬೆಳಕು ಹಾಯುವಂತಾಗಿ, ಬೆರಳಿಟ್ಟರೆ ಒಳಗೆ ಇಳಿಯುತ್ತದೆ. ಇವೆರಡರ ನಡುವೆ ಅನುಭವಸ್ಥರನ್ನೂ ದಾರಿ ತಪ್ಪಿಸುವ ಮೂರನೆಯ ಸ್ಥಿತಿಯೊಂದಿದೆ. ಬೇರು ಕೊಳೆತ ಮೇಲೆ ಅದು ನೀರನ್ನು ಎಳೆದುಕೊಳ್ಳಲಾರದು. ಆಗ ಮಣ್ಣು ಒದ್ದೆಯಾಗಿದ್ದರೂ ಮೇಲಿನ ಎಲೆಗಳು ಬಾಯಾರಿದವುಗಳಂತೆಯೇ ಸುಕ್ಕುಗಟ್ಟುತ್ತವೆ. ಆದ್ದರಿಂದ ಎಲೆಯೊಂದನ್ನೇ ನೋಡಿ ನೀರಿನ ಚೊಂಬು ಎತ್ತಬೇಡಿ. ಮೊದಲು ಮಣ್ಣಿನೊಳಗೆ ಎರಡು ಬೆರಳು ಇಳಿಸಿ: ಎಲೆ ಸುಕ್ಕಾಗಿ ಮಣ್ಣು ಪುಡಿಯಾಗಿದ್ದರೆ ನೀರು ಕೊಡಿ, ಎಲೆ ಸುಕ್ಕಾಗಿದ್ದೂ ಮಣ್ಣು ತೇವವಾಗಿದ್ದರೆ ಅದೇ ದಿನ ಗಿಡವನ್ನು ಹೊರತೆಗೆದು ಬೇರು ನೋಡಿ.

ಈ ಗಿಡದ ತಾಳಿಕೆಗೆ ಸಾಕ್ಷಿ ನಮ್ಮ ಮನೆಗಳ ಬಾಗಿಲಲ್ಲೇ ಇದೆ. ದೃಷ್ಟಿ ತಾಗದಿರಲೆಂದು ಬೇರುಸಹಿತ ಕಿತ್ತು ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಅದರ ತುದಿಗಳು ಮೆಲ್ಲನೆ ಮೇಲಕ್ಕೆ ಬಾಗಿಕೊಳ್ಳುತ್ತವೆ. ಬಹುಪಾಲು ಗಿಡಗಳು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಿನಲ್ಲಿ ತೆರೆದರೆ, ಅರೇಬಿಯಾದ ಒಣನಾಡಿನಿಂದ ಬಂದ ಇದು ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯನ್ನು ಒಳಗೆಳೆದುಕೊಂಡು, ಬಿಸಿಲೇರಿದಾಗ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಅದು ಕಳೆದುಕೊಳ್ಳುವ ನೀರೇ ಅತ್ಯಲ್ಪ. ಕಷ್ಟಕಾಲಕ್ಕೆ ಬೇಕಾದದ್ದು ಎಲೆಯ ತಿರುಳಿನಲ್ಲಿಯೇ ಇದೆ.

ಇನ್ನು ಮಣ್ಣು. ಹತ್ತಿ, ಜೋಳಕ್ಕೆ ಒದಗುವ ನಮ್ಮ ಎರೆಮಣ್ಣು ಕುಂಡದೊಳಗೆ ತೇವವನ್ನು ಹಿಡಿದುಕೊಂಡು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಕುಂಡದ ತಳಕ್ಕೆ ಜಲ್ಲಿ ಹಾಕಿದ್ದೇವೆಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದರಿಂದ ಮೇಲಿನ ಮುದ್ದೆ ಒಣಗುವುದಿಲ್ಲ. ಎರಡು ಪಾಲು ಗರಸು ಬೆರೆತ ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಹಳೆಯ ಗೊಬ್ಬರ, ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಇಷ್ಟು ಸಾಕು. ಕುಂಡದಡಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ನೀರು ನಿಲ್ಲಬಾರದು. ಸಸಿಗಳು ತೆಂಗಿನ ನಾರಿನ ಪುಡಿಯಲ್ಲಿ ಬಂದಿದ್ದರೆ ಅದನ್ನು ಉದುರಿಸಿಯೇ ನೆಡಿ.

"ಹಾಗಾದರೆ ಎಷ್ಟು ದಿನಕ್ಕೊಮ್ಮೆ, ಹೇಳಿಬಿಡಿ" ಎಂದು ಎಲ್ಲರೂ ಕೇಳುತ್ತಾರೆ. ಒಂದೇ ಲೆಕ್ಕ ಹೇಳಿದರೆ ನಾನು ಮೋಸ ಮಾಡಿದಂತೆ. ಚಳ್ಳಕೆರೆಯ ಮಾಳಿಗೆಯ ಮೇಲೆ ಏಪ್ರಿಲ್ ಗಾಳಿಗೆ ವಾರದಲ್ಲಿ ಒಣಗುವ ಕುಂಡ, ಭದ್ರಾ ನಾಲೆಯ ಪಕ್ಕದ ಊರಿನ ನೆರಳಿನ ಜಗಲಿಯಲ್ಲಿ ಮೂರು ವಾರವಾದರೂ ಒಣಗದಿರಬಹುದು. ಸೆಪ್ಟೆಂಬರ್ ಮಳೆ ಹಿಡಿದಾಗ ಕುಂಡವನ್ನು ಸೂರಿನಡಿಗೆ ಸರಿಸುವುದೇ ಆರೈಕೆ. ಬೇಸಿಗೆಯಲ್ಲಿ ಎಲೆ ಕೆಂಪಗೆ ತಿರುಗಿದರೂ ಗಾಬರಿ ಬೇಡ, ಅದು ಬಿಸಿಲಿನ ಬಣ್ಣ. ಸ್ವಲ್ಪ ನೆರಳಿಗೆ ಸರಿಸಿದರೆ ಸಾಮಾನ್ಯವಾಗಿ ಮತ್ತೆ ಹಸಿರಾಗುತ್ತದೆ.

ಕೊಳೆಯುವ ಗಿಡದ ಎಲೆ ದಂಡವಾಗಬಾರದೆಂದು ಅದರ ರಸ ಕುಡಿಯುವವರೂ ಇದ್ದಾರೆ, ದಯವಿಟ್ಟು ಬೇಡ. ಆರೋಗ್ಯವಾದ ಎಲೆಯಲ್ಲಿಯೂ ಸಿಪ್ಪೆಯಡಿಯ ಹಳದಿ ಹಾಲು ಭೇದಿ ತರಿಸುವಂಥದ್ದು. ಗರ್ಭಿಣಿಯರಂತೂ ಅದರ ಹತ್ತಿರ ಹೋಗಬಾರದು. ಉಳಿದದ್ದನ್ನು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಶಿಕ್ಷಕಿಯವರ ತಾಯಿಗಿಡ ಉಳಿಯಲಿಲ್ಲ. ಅದರ ಬುಡದಲ್ಲಿದ್ದ ಎರಡು ಮರಿಗಳ ಕೊಳೆತ ಭಾಗವನ್ನು ಬಿಳಿಯ ತಿರುಳು ಕಾಣುವವರೆಗೆ ಕೊಯ್ದು, ಐದು ದಿನ ನೆರಳಿನಲ್ಲಿ ಒಣಗಿಸಿ, ಒಣ ಕೆಮ್ಮಣ್ಣಿನಲ್ಲಿ ಊರಿಕೊಟ್ಟೆ. ವಾರಕ್ಕೆ ಅವರು ಫೋನ್ ಮಾಡಿ ನೀರು ಹಾಕಲೇ ಎಂದು ಕೇಳಿದರು, ಬೇಡವೆಂದೆ. ಮರುವಾರವೂ ಕೇಳಿದರು. ಮೂರನೆಯ ಸಲ, ಮರಿಯನ್ನು ಮೆಲ್ಲನೆ ಅಲುಗಿಸಿ ನೋಡಿ ಎಂದೆ. "ಅಲುಗುತ್ತಿಲ್ಲಪ್ಪ, ಹಿಡಿದುಕೊಂಡಿದೆ" ಎಂದರು. ಬೇರು ಬಿಟ್ಟಿತ್ತು. ಆ ದಿನ ಸಂಜೆ ಒಂದು ಲೋಟ ನೀರು ಹಾಕಲು ಹೇಳಿದೆ.