ಖಾಲಿ ಬರುವ ಲಾರಿಯೂ ಲೆಕ್ಕಕ್ಕೆ ಬರಬೇಕು

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿದೆ. ಆರು ಲಾರಿ, ಡೀಸೆಲ್ ಲೆಕ್ಕಕ್ಕೆ ಒಂದು ಉದ್ದನೆಯ ಕೆಂಪು ವಹಿ. ಮೊದಲ ಪುಟದಲ್ಲಿ ದೀಪಾವಳಿ ಪೂಜೆಯ ಅರಿಶಿನ-ಕುಂಕುಮ. ಮುಂದೆ ಪುಟಪುಟಕ್ಕೂ ಪಿನ್ನು ಹೊಡೆದ ಪಂಪಿನ ಚೀಟಿಗಳು. ಸರಕು ಸಾಗಣೆಯ ಇಂಗಾಲದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಎಲ್ಲಿಂದ ಶುರು ಮಾಡಿದರೂ ಆ ಕೆಲಸ ಬಂದು ನಿಲ್ಲುವುದು ಇಂಥ ವಹಿಯ ಮುಂದೆಯೇ.

ಮೊನ್ನೆ ಹೋದಾಗ ಸಾವಕಾರರು ಒಂದು ಫಾರ್ಮ್ ಮುಂದಿಟ್ಟರು. ಅವರ ಲಾರಿಗಳನ್ನು ಬಾಡಿಗೆಗೆ ಹಿಡಿಯುವ ದೊಡ್ಡ ಕಂಪನಿಯೊಂದು ಕಳಿಸಿದ್ದು. ವರ್ಷಕ್ಕೆ ಎಷ್ಟು ಡೀಸೆಲ್ ಸುಡುತ್ತೀರಿ, ಲೋಡು ಹೊತ್ತು ಹೋಗುವಾಗ ಒಂದು ಟನ್ ಮಾಲಿಗೆ ಕಿ.ಮೀ.ಗೆ ಎಷ್ಟು ಹೊಗೆ, 2030ರೊಳಗೆ ಎಷ್ಟು ಹೊಗೆ ಇಳಿಸುತ್ತೀರಿ ಎಂದು ಬರೆದು ಸಹಿ ಹಾಕಬೇಕು.

“ಲೀಟರಿಗೆ 2.68 ಕೆಜಿ ಅಂತ ಬರದಾರ. ಡೀಸೆಲೇ ಒಂದ್ ಕೆಜಿ ತೂಗಂಗಿಲ್ಲ, ಅಷ್ಟ್ ಹೊಗಿ ಎಲ್ಲಿಂದ ಬರ್ತದ್ರಿ ಸರ?”

ಕೇಳಲೇಬೇಕಾದ ಪ್ರಶ್ನೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಇಂಗಾಲ. ಉರಿಯುವಾಗ ಪ್ರತಿ 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತದೆ. ಎರಡೂ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಇಲ್ಲಿ ಹೊಗೆ ಅನ್ನುತ್ತಿರುವುದು ಅದನ್ನೇ. ತೂಕ ಏರುವುದು ಅಲ್ಲಿ. ಇದು ಸೈಲೆನ್ಸರಿನಿಂದ ಹೊರಬರುವುದು ಮಾತ್ರ. ತೈಲ ತೆಗೆದು, ಶುದ್ಧ ಮಾಡಿ, ಪಂಪಿಗೆ ತಲುಪಿಸುವಾಗ ಆದದ್ದನ್ನೂ ಕೂಡಿಸಿದರೆ ಲೀಟರಿಗೆ 3 ಕೆಜಿ ದಾಟುತ್ತದೆ.

ಜಗತ್ತಿನ ದೊಡ್ಡ ಕಂಪನಿಗಳ ಗುರಿಗೂ ಗಂಜಿನ ಈ ವಹಿಗೂ ಏನು ಸಂಬಂಧ? ಜರ್ಮನಿಯ ಬಾನ್‌ನಲ್ಲಿ ಕೇಂದ್ರ ಕಚೇರಿ ಇರುವ ಸರಕು ಸಾಗಣೆ ಕಂಪನಿ ಡಿಎಚ್‌ಎಲ್ ಗ್ರೂಪನ್ನೇ ನೋಡಿ. 2020ರಲ್ಲಿ ಅವರ ಹೊಗೆಯ ಲೆಕ್ಕ 3.3 ಕೋಟಿ ಟನ್. 2030ಕ್ಕೆ 2.9 ಕೋಟಿಗಿಂತ ಕೆಳಗಿಳಿಸಬೇಕು, 2050ಕ್ಕೆ ನೆಟ್ ಝೀರೋ (ಬಿಟ್ಟದ್ದು, ತೆಗೆದದ್ದು ಕಳೆದರೆ ಉಳಿಯುವುದು ಸೊನ್ನೆ) ಎಂಬುದು ಗುರಿ. ಅದಕ್ಕೆ ಹತ್ತು ವರ್ಷದಲ್ಲಿ 700 ಕೋಟಿ ಯೂರೋ ಹಾಕುವುದಾಗಿ 2021ರಲ್ಲಿ ಹೇಳಿದರು. ಇಳಿಕೆ ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಸುಮ್ನೆ ಕೂತರೆ ವ್ಯಾಪಾರ ಬೆಳೆದ ಹಾಗೆ ಅದು 4.6 ಕೋಟಿ ಟನ್‌ಗೆ ಹೋಗುತ್ತಿತ್ತು ಎಂಬುದು ಅವರದೇ ಅಂದಾಜು. ಒಟ್ಟು ಟನ್‌ನಲ್ಲೇ ಗುರಿ ಇಟ್ಟಿದ್ದಾರೆ, ಅದು ನನಗೆ ಹಿಡಿಸಿತು. ಕ್ವಿಂಟಲಿಗೆ ಇಷ್ಟು ಇಳಿಸುತ್ತೇವೆ ಅಂತ ಹೇಳಿ, ಕ್ವಿಂಟಲನ್ನೇ ದುಪ್ಪಟ್ಟು ಸಾಗಿಸಿದರೆ ಆಕಾಶಕ್ಕೇನು ಲಾಭ?

ಇಂಥ ಕಂಪನಿಗಳ ಹೊಗೆಯಲ್ಲಿ ದೊಡ್ಡ ಪಾಲು ವಿಮಾನದ್ದು, ಹಡಗಿನದು, ಬಾಡಿಗೆ ಲಾರಿಯದು. ಇಂಗಾಲದ ಲೆಕ್ಕದಲ್ಲಿ ಹೊಗೆಯನ್ನು ಮೂರು ಭಾಗ ಮಾಡುತ್ತಾರೆ: ಸ್ವಂತ ಗಾಡಿಯ ಇಂಧನ ಸ್ಕೋಪ್ 1, ಕೊಂಡ ಕರೆಂಟು ಸ್ಕೋಪ್ 2, ಬೇರೆಯವರ ಗಾಡಿಯಲ್ಲಿ ಸಾಗಿಸಿದ್ದು ಸ್ಕೋಪ್ 3. ಗುರಿ ಘೋಷಿಸುವುದು ಬಾನ್‌ನಲ್ಲೋ ಮುಂಬೈಯಲ್ಲೋ ಇರಬಹುದು. ಅದನ್ನು ಮುಟ್ಟಿಸಬೇಕಾದವರಲ್ಲಿ ಆರು ಲಾರಿಯ ಸಾವಕಾರರೂ ಒಬ್ಬರು.

ಈಗ ಒಂದು ಟ್ರಿಪ್ ಬಿಡಿಸಿ ನೋಡೋಣ. 10 ಗಾಲಿಯ ಲಾರಿ 18 ಟನ್ ತೊಗರಿ ಬೇಳೆ ಹೇರಿಕೊಂಡು ನವಿ ಮುಂಬೈಗೆ ಹೊರಟಿತು. ಲೆಕ್ಕಕ್ಕೆ 500 ಕಿ.ಮೀ. ಇಟ್ಟುಕೊಳ್ಳಿ. ಲೀಟರಿಗೆ 4 ಕಿ.ಮೀ. ಎಂದರೆ 125 ಲೀಟರ್, 335 ಕೆಜಿ ಹೊಗೆ. ಒಂದು ಟನ್ ಮಾಲನ್ನು ಒಂದು ಕಿ.ಮೀ. ಒಯ್ಯಲು 37 ಗ್ರಾಂ. ಫಾರ್ಮಿನಲ್ಲಿ ಕೇಳಿದ್ದು ಇಷ್ಟೇ. ಆದರೆ ಆ ಲಾರಿ ಖಾಲಿ ವಾಪಸ್ ಬಂತು. ಲೀಟರಿಗೆ 5 ಕಿ.ಮೀ. ಕೊಟ್ಟರೂ ಮತ್ತೆ 100 ಲೀಟರ್, 268 ಕೆಜಿ. ಈಗ 37 ಗ್ರಾಂ ಹೋಗಿ 67 ಆಯಿತು. ಸಾಗಣೆಯ ಹೊಗೆ ಲೆಕ್ಕ ಹಾಕಲು 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14083 ಕೂಡ ಖಾಲಿ ಓಡಾಟವನ್ನು ಸೇರಿಸಲೇಬೇಕು ಅನ್ನುತ್ತದೆ.

ಅದೇ ಲಾರಿ ವಾಪಸ್ ಬರುವಾಗ ಕಿರಾಣಿ ಸಾಮಾನನ್ನೋ ಗೊಬ್ಬರವನ್ನೋ ತುಂಬಿಕೊಂಡು ಬಂದರೆ ಜಾಸ್ತಿ ಸುಡುವುದು 25 ಲೀಟರ್. ಆ ಮಾಲು ತರಲು ಬೇರೆ ಲಾರಿ ಸುಡಬೇಕಿದ್ದ 125 ಲೀಟರ್ ಉಳಿಯುತ್ತದೆ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಹೊಸ ಎಂಜಿನ್ ಬೇಡ, ಬ್ಯಾಟರಿ ಬೇಡ.

ಹಾಗಿದ್ದರೆ ಖಾಲಿ ಯಾಕೆ ಬರುತ್ತಾರೆ? ನವಿ ಮುಂಬೈಯ ವಾಶಿ ಮಾರ್ಕೆಟ್ಟಿಗೆ ಹೋಗಿಬರುವ ಡ್ರೈವರ್ ಒಬ್ಬರು ಹೇಳಿದರು: “ವಾಶಿದಾಗ ಎರಡ್ ದಿನ ಕುಂತ್ರ ಭತ್ತೆ ಯಾರ್ ಕೊಡ್ತಾರ್ರಿ? ಇಲ್ಲಿ ತೊಗರಿ ಸೀಜನ್, ಲೋಡ್ ಕಾಯ್ತಿರ್ತದ.” ಕಾದರೆ ನಷ್ಟ ಲಾರಿಯವರದು. ಬೇಗ ಬಂದರೆ ಅನುಕೂಲ ಕಂಪನಿಗೆ, ಹೊಗೆಯ ಹೊಣೆ ಮತ್ತೆ ಲಾರಿಯವರ ಹೆಸರಿಗೆ. ಇದು ನ್ಯಾಯ ಅಲ್ಲ. ಮುಂಬೈಯಿಂದ ಈ ಕಡೆಗೆ ಬರುವ ಮಾಲು ಯಾರ ಬಳಿ ಇದೆ ಅಂತ ಗೊತ್ತಿರುವುದು ದೊಡ್ಡ ಕಂಪನಿಗೆ. ಆರು ಲಾರಿಯವರಿಗೆ ಅದು ಹೇಗೆ ಗೊತ್ತಾಗಬೇಕು?

ರೈಲು ಇದೆಯಲ್ಲ ಅನ್ನಬಹುದು. ವಾಡಿಯ ಸಿಮೆಂಟಿಗೆ ಅದು ಸರಿ. ಒಂದು ದಾಲ್ ಮಿಲ್ಲಿನ ಬೇಳೆಯಿಂದ ಗೂಡ್ಸ್ ರೈಲು ತುಂಬುವುದಿಲ್ಲ. ಊರೊಳಗೆ ಪಾರ್ಸೆಲ್ ಹಂಚುವ ಗಾಡಿಗಳನ್ನು ಎಲೆಕ್ಟ್ರಿಕ್ ಮಾಡುವುದು ಸುಲಭ, ಬೇಗ ಆಗಲಿ. 18 ಟನ್ ಹೇರಿದ ಲಾರಿ ಇನ್ನೂ ಕೆಲವು ವರ್ಷ ಡೀಸೆಲ್‌ನಲ್ಲೇ ಓಡುತ್ತದೆ.

ಫಾರ್ಮನ್ನು ಇಬ್ಬರೂ ಕೂತು ತುಂಬಿದೆವು. 37 ಅಲ್ಲ, 67 ಅಂತಲೇ ಬರೆದೆವು. ಸಾವಕಾರರು ಮೊದಲು ಹಿಂಜರಿದರು. ಅಂಕಿ ಜಾಸ್ತಿ ಕಂಡರೆ ಲೋಡು ಬೇರೆಯವರಿಗೆ ಹೋದೀತು ಎಂಬ ಅಂಜಿಕೆ. ಅದಕ್ಕೇ ಜೊತೆಗೆ ಒಂದು ಪತ್ರ ಇಟ್ಟೆವು: ವಾಪಸ್ ಲೋಡು ಕೊಡಿ, ಕಾಯುವ ದಿನದ ಭತ್ತೆ ಕರಾರಿನಲ್ಲಿ ಸೇರಿಸಿ, ಇಳಿಕೆಯ ಗುರಿ ಆಮೇಲೆ ಬರೆದುಕೊಡುತ್ತೇವೆ.

ಉತ್ತರ ಇನ್ನೂ ಬಂದಿಲ್ಲ. ಕೆಂಪು ವಹಿಯಲ್ಲಿ ಸಾವಕಾರರು ಸ್ಕೇಲ್ ಇಟ್ಟು ಹೊಸ ಗೆರೆ ಎಳೆದಿದ್ದಾರೆ. ಮೇಲೆ “ಖಾಲಿ” ಅಂತ ಬರೆದಿದ್ದಾರೆ. ಲಾರಿ ಬಂದು ನಿಂತ ಕೂಡಲೇ ಡ್ರೈವರ್‌ಗಳು ಬಂದು ಕಿ.ಮೀ. ಬರೆಸುತ್ತಾರೆ.