ಕಂಟ್ರೋಲರ್ ಇದ್ದರೂ ಕಾಯಿಲ್ ಯಾಕೆ ಸುಡುತ್ತದೆ?

"ಕಂಟ್ರೋಲರ್ ಇದೆಯಲ್ಲ ಸಾರ್, ಬಿಸಿ ಜಾಸ್ತಿಯಾದರೆ ಅದೇ ಕಟ್ ಮಾಡುತ್ತೆ." ತುಮಕೂರಿನ ಅಂತರಸನಹಳ್ಳಿ ಕಡೆಯ ವರ್ಕ್‌ಶಾಪ್‌ಗಳಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ, ಅಮೆರಿಕದ ಹಳೇ ಹೀಟ್ ಟ್ರೀಟ್‌ಮೆಂಟ್ ಓವನ್ ಅಗ್ಗಕ್ಕೆ ಸಿಕ್ಕಿರುತ್ತದೆ. ನೇಮ್ ಪ್ಲೇಟ್ ಮೇಲೆ 120 ವೋಲ್ಟ್ ಅಂತ ಇರುತ್ತದೆ. ಪ್ಲಗ್ ಬದಲಿಸಿ ನಮ್ಮ 230ಕ್ಕೆ ಹಾಕಿಬಿಡುತ್ತಾರೆ.

ಲೆಕ್ಕ ನೋಡಿ. 120 ವೋಲ್ಟ್, 15 ಆಂಪಿಯರ್ ಅಂದರೆ 1800 ವ್ಯಾಟ್. ಒಳಗೆ ಬಿಸಿಯಾಗುವ ತಂತಿಸುರುಳಿ, ಅಂದರೆ ಕಾಯಿಲ್, 8 ಓಮ್. ಅದೇ ಕಾಯಿಲ್‌ಗೆ 230 ಕೊಟ್ಟರೆ ಸುಮಾರು 29 ಆಂಪಿಯರ್ ಎಳೆಯುತ್ತದೆ. ಪವರ್ 6600 ವ್ಯಾಟ್ ದಾಟುತ್ತದೆ! ವೋಲ್ಟೇಜ್ ಎರಡು ಪಟ್ಟೂ ಆಗಿಲ್ಲ, ಪವರ್ ಮಾತ್ರ ಮೂರೂವರೆ ಪಟ್ಟಿಗಿಂತ ಜಾಸ್ತಿ.

ಕಂಟ್ರೋಲರ್ ವೋಲ್ಟೇಜ್ ಇಳಿಸುವುದಿಲ್ಲ. ಎಷ್ಟು ಹೊತ್ತು ಆನ್ ಇರಬೇಕು ಅಂತ ಮಾತ್ರ ನೋಡಿಕೊಳ್ಳುತ್ತದೆ. ಆನ್ ಆದಷ್ಟೂ ಹೊತ್ತು ಕಾಯಿಲ್ ಮೇಲೆ ಪೂರ್ತಿ 230 ಇರುತ್ತದೆ. ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸರ್) ಅಳೆಯುವುದು ಚೇಂಬರ್ ಬಿಸಿಯನ್ನು, ತಂತಿಯ ಬಿಸಿಯನ್ನಲ್ಲ. ಡಿಸ್‌ಪ್ಲೇ 500 ಡಿಗ್ರಿ ತೋರಿಸುತ್ತಿರುವಾಗಲೇ ತಂತಿ ತನ್ನ ಮಿತಿ ಮೀರಿರಬಹುದು. ಕರೆಂಟ್ ಆನ್-ಆಫ್ ಮಾಡಲು ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ರಿಲೇ) ಇದ್ದರೆ ಇನ್ನೊಂದು ಅಪಾಯ: ಅದು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿ ಆನ್‌ನಲ್ಲೇ ನಿಲ್ಲುತ್ತದೆ.

ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಟೂಲ್ ಸ್ಟೀಲ್) ಪಂಚ್‌ಗಳನ್ನು 800 ಡಿಗ್ರಿಯಲ್ಲಿ ಹಾರ್ಡನ್ ಮಾಡಲು ಒಬ್ಬ ಹುಡುಗ ಇಂಥ ಓವನ್ ತಂದಿದ್ದ. ತುಂಬಾ ಚುರುಕು, ಡೈ ಕೆಲಸದಲ್ಲಿ ಕೈ ಚೆನ್ನಾಗಿದೆ. ಬಾಗಿಲು ತೆಗೆದು ನೋಡಿದೆ. ಕಾಯಿಲ್ ಇಟ್ಟಿಗೆಯ ಗ್ರೂವ್‌ನಿಂದ ಜೋತುಬಿದ್ದಿತ್ತು. ತುಂಡಾದ ತುದಿಯಲ್ಲಿ ಕರಗಿದ ಸಣ್ಣ ಗುಂಡು. ದುಡ್ಡು ಕೂಡಿಸಿ ತಂದವನು, ಅವನ ಮುಖ ನೋಡಿ ಬೇಜಾರಾಯಿತು.

ಸುಲಭದ ದಾರಿ 230ನ್ನು 120ಕ್ಕೆ ಇಳಿಸುವ 3 ಕೆವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಓವನ್ ಒಳಗೆ ಏನೂ ಮುಟ್ಟಬೇಕಾಗಿಲ್ಲ. ಪ್ರಯಾಣಕ್ಕೆ ಮಾರುವ ಪುಟ್ಟ ಕನ್ವರ್ಟರ್ ಬೇಡವೇ ಬೇಡ.

ಒಳಗೆ ಒಂದೇ ಥರದ ಎರಡು ಕಾಯಿಲ್ ಪ್ಯಾರಲಲ್‌ನಲ್ಲಿದ್ದರೆ (ಎರಡಕ್ಕೂ ಪೂರ್ತಿ ವೋಲ್ಟೇಜ್ ಬರುವ ಹಾಗೆ) ಸೀರೀಸ್ (ಒಂದರ ಹಿಂದೆ ಒಂದು) ಮಾಡಬಹುದು. ಒಂದೊಂದಕ್ಕೂ 115 ವೋಲ್ಟ್ ಬರುತ್ತದೆ, ಪವರ್ 1650 ವ್ಯಾಟ್‌ನಷ್ಟು ಉಳಿಯುತ್ತದೆ. ಆದರೆ ಕಂಟ್ರೋಲರ್, ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) 120ರವೇ ಆಗಿದ್ದರೆ ಅವಕ್ಕೆ ಬೇರೆ ಸಣ್ಣ ಟ್ರಾನ್ಸ್‌ಫಾರ್ಮರ್ ಕೊಡಿ. 115 ಸಿಗುತ್ತದಲ್ಲ ಅಂತ ಎರಡು ಕಾಯಿಲ್‌ಗಳ ನಡುವಿನಿಂದ ಸಪ್ಲೈ ಎಳೆಯಬೇಡಿ. ಒಂದು ಕಾಯಿಲ್ ಕಟ್ ಆದರೆ ಪೂರ್ತಿ 230 ಕಂಟ್ರೋಲರ್ ಮೇಲೆ ಬೀಳಬಹುದು. ಅರ್ತಿಂಗ್ ಬಗ್ಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

240 ವೋಲ್ಟ್ ಓವನ್ ಆದರೆ ಕಾಯಿಲ್‌ಗೆ ತೊಂದರೆ ಇಲ್ಲ, ಪವರ್ ಸ್ವಲ್ಪ ಕಮ್ಮಿ ಅಷ್ಟೇ. ಅಮೆರಿಕದಲ್ಲಿ ಅದರ ಎರಡೂ ಲೈನ್ ಲೈವ್. ಹಾಗಾಗಿ ಕೇಬಲ್‌ನಲ್ಲಿ ನಾಲ್ಕು ವೈರ್ (ಎರಡು ಲೈವ್, ನ್ಯೂಟ್ರಲ್, ಅರ್ತ್) ಇದ್ದರೆ ಒಳಗಿನ ಕಂಟ್ರೋಲ್ 120ರದ್ದಿರಬಹುದು. ನೋಡದೆ ಖಚಿತ ಹೇಳಲಾರೆ. ಪ್ಲಗ್ ಕತ್ತರಿಸುವ ಮೊದಲೇ ನೇಮ್ ಪ್ಲೇಟ್ ಮತ್ತು ಒಳಗಿನ ವೈರಿಂಗ್‌ನ ಫೋಟೋ ತೆಗೆದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.