ಭೀಮೆಯ ನೀರು ಕೊಂಕಣಕ್ಕೆ ಇಳಿದ ಕಥೆ

ಪುಣೆಯ ಐಟಿ ಹುಡುಗರು ಶನಿವಾರ ಬಂದರೆ ಕೊಂಕಣದ ಕೋಲಾಡಕ್ಕೆ ರಾಫ್ಟಿಂಗ್‌ಗೆ ಹೊರಡುತ್ತಾರೆ. ಕಡುಬೇಸಿಗೆಯಲ್ಲೂ ಕುಂಡಲಿಕಾ ನದಿಯಲ್ಲಿ ಇಷ್ಟು ನೀರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಭೀರಾ ವಿದ್ಯುದಾಗಾರದ ಟರ್ಬೈನ್ ತಿರುಗಿ ನೀರು ಹೊರಬಿದ್ದರಷ್ಟೇ ಅಲ್ಲಿ ರಾಫ್ಟಿಂಗ್. ಇಲ್ಲದಿದ್ದರೆ ದೋಣಿ ದಡದಲ್ಲೇ. ಆ ನೀರು ಘಟ್ಟದ ಮೇಲಿನ ಮುಳಶಿ ಜಲಾಶಯದ್ದು. ತನ್ನ ಪಾಡಿಗೆ ಹರಿದಿದ್ದರೆ ಮುಳಾ ನದಿಯಾಗಿ ಪುಣೆ ದಾಟಿ, ಭೀಮೆ ಸೇರಿ, ಪಂಢರಪುರ ಹಾದು ಇಂಡಿ, ಅಫಜಲಪುರದತ್ತ ಬರುತ್ತಿತ್ತು. ನಡುವೆ ಉಜನಿ ಅಣೆಕಟ್ಟು ಎಷ್ಟು ಹಿಡಿದಿಟ್ಟುಕೊಳ್ಳುತ್ತಿತ್ತು ಎಂಬುದು ಬೇರೆ ಲೆಕ್ಕ. ಬೆಳಗಾದರೆ ಪುಣೆಯ ಮಜೂರ್ ಅಡ್ಡಾಗಳಲ್ಲಿ ಬುತ್ತಿ ಹಿಡಿದು ನಿಲ್ಲುವ ಕಲಬುರಗಿ, ವಿಜಯಪುರದವರಲ್ಲಿ ಇದೇ ಭೀಮಾ ದಂಡೆಯ ಮಂದಿ ಎಷ್ಟೋ.

ಮುಂಬೈ ಗಿರಣಿಗಳಿಗೆ ಕಲ್ಲಿದ್ದಲಿನ ಬದಲು ನೀರಿನಿಂದ ಕರೆಂಟು ಕೊಡುವ ಯೋಚನೆ ಜಮ್‌ಶೇಟ್‌ಜಿ ಟಾಟಾ ಅವರದು. ಅವರು ತೀರಿಕೊಂಡ ಮೇಲೆ, 1911ರಲ್ಲಿ, ಲೋಣಾವಳದಲ್ಲಿ ಅಡಿಗಲ್ಲು ಬಿತ್ತು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ, 1927ರಲ್ಲಿ ಭೀರಾ ವಿದ್ಯುದಾಗಾರಗಳು ಶುರುವಾದವು. ಉಪಾಯ ಸರಳ: ಪೂರ್ವಕ್ಕೆ ಹರಿಯುವ ಹೊಳೆಗಳನ್ನು ಘಟ್ಟದ ನೆತ್ತಿಯಲ್ಲೇ ಕಟ್ಟಿಹಾಕಿ, ಪಶ್ಚಿಮಕ್ಕೆ ಸುಮಾರು 500 ಮೀಟರ್ ಕೆಳಗೆ ಕೊಳವೆಯಲ್ಲಿ ಧುಮುಕಿಸುವುದು. ಕೆಳಗೆ ಇಳಿದದ್ದು ಮತ್ತೆ ಭೀಮೆಗೆ ಬರುವುದಿಲ್ಲ, ಅರಬ್ಬಿ ಸಮುದ್ರದ ಪಾಲು.

ಆಗ ಇದನ್ನೆಲ್ಲ ಪರಿಶೀಲಿಸುವ ಕಾನೂನು ಯಾವುದಿತ್ತು? 1894ರ ಭೂಸ್ವಾಧೀನ ಕಾಯ್ದೆ ಒಂದೇ. ಅದರ ಮಟ್ಟಿಗೆ ಜಮೀನಿನ ಬೆಲೆ ಎಷ್ಟು ಎಂಬುದು ಪ್ರಶ್ನೆಯೇ ಹೊರತು ಅಣೆಕಟ್ಟು ಬೇಕೇ ಎಂಬುದಲ್ಲ. ಖಾಸಗಿ ಕಂಪನಿಗಾಗಿ ಸರ್ಕಾರವೇ ಭೂಮಿ ಹಿಡಿದುಕೊಡಲು ಅದರಲ್ಲಿ ದಾರಿ ಇತ್ತು. 1921ರ ಏಪ್ರಿಲ್‌ನಲ್ಲಿ ಮುಳಶಿಯ ಮಾವಳೆ ರೈತರು ಸತ್ಯಾಗ್ರಹಕ್ಕೆ ಕೂತದ್ದು ಇದರ ವಿರುದ್ಧ. ಪಾಂಡುರಂಗ ಮಹಾದೇವ ಬಾಪಟ್ ಮುಂದಾಳು. ‘ಸೇನಾಪತಿ’ ಎಂದು ಜನ ಅವರನ್ನು ಕರೆದದ್ದು ಈ ಹೋರಾಟದಿಂದ. ಕೆಲಸ ಕೆಲಕಾಲ ನಿಂತಿತು, ಮತ್ತೆ ಶುರುವಾಯಿತು. ಆ ಸೀಮೆಯ ಎಷ್ಟೋ ಜಮೀನು ಪುಣೆಯ ಸಾಹುಕಾರರ ಕೈಯಲ್ಲಿತ್ತು. ಅವರಿಗೆ ಪರಿಹಾರದ ದುಡ್ಡು ಸಾಕಾಯಿತು, ಉಳುವವನಿಗೆ ಸಾಲಲಿಲ್ಲ. 1924ರ ಹೊತ್ತಿಗೆ ಬಾಪಟ್ ಜೈಲು ಸೇರಿ ಚಳವಳಿ ಸೋತಿತ್ತು. ದೊಡ್ಡ ಅಣೆಕಟ್ಟಿನ ವಿರುದ್ಧ ಜಗತ್ತಿನಲ್ಲೇ ಮೊದಮೊದಲು ಎದ್ದ ಹೋರಾಟಗಳಲ್ಲಿ ಇದೂ ಒಂದು ಎನ್ನುತ್ತಾರೆ. ಆದರೆ ಅಲ್ಲಿಯೂ ಎದ್ದದ್ದು ಮುಳುಗುವ ನೆಲದ ಮಾತು. ನೀರು ಕಳೆದುಕೊಳ್ಳುವ ಕೆಳಗಿನವರ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಅದು ಬರಲು ಅರ್ಧ ಶತಮಾನ ಬೇಕಾಯಿತು. ಕೃಷ್ಣಾ ಕಣಿವೆಯ ನೀರು ಹಂಚಲು 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಮಿತಿ ಹಾಕಿತು: ಟಾಟಾ ಯೋಜನೆಗಳು ಪಶ್ಚಿಮಕ್ಕೆ ತಿರುಗಿಸುವ ನೀರು ಯಾವುದೇ ಒಂದು ವರ್ಷದಲ್ಲಿ 54.5 ಟಿಎಂಸಿ ಮೀರಬಾರದು, ಸತತ ಐದು ವರ್ಷಗಳಲ್ಲಿ 212 ಟಿಎಂಸಿ ದಾಟಬಾರದು. ಹೀಗೆಯೇ ಪಶ್ಚಿಮಕ್ಕೆ ನೀರು ತಿರುಗಿಸುವ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಯೋಜನೆಗೂ ಮಿತಿ ಬಂತು. ಆದರೆ ನ್ಯಾಯಮಂಡಳಿಯದು ರಾಜ್ಯಗಳ ನಡುವಿನ ಪಾಲುಪಟ್ಟಿ. ನದಿಯಲ್ಲಿ ಮೀನು ಬದುಕಲು ಎಷ್ಟು ಹರಿವು ಬೇಕು ಎಂಬುದು ಆ ಲೆಕ್ಕದ ಪುಸ್ತಕದಲ್ಲಿ ಕಾಲಂ ಆಗಿರಲಿಲ್ಲ.

ಪರಿಸರದ ಕಣ್ಣು ತೆರೆದದ್ದು ಇನ್ನೂ ತಡವಾಗಿ. 1967ರ ಡಿಸೆಂಬರ್‌ನ ಕೊಯ್ನಾ ಭೂಕಂಪ ಜಲಾಶಯದ ಭಾರಕ್ಕೂ ನೆಲದ ನಡುಕಕ್ಕೂ ನಂಟಿದೆ ಎಂಬುದನ್ನು ವಿಜ್ಞಾನಿಗಳ ಮುಂದಿಟ್ಟಿತ್ತು. ಹಾಗಿದ್ದೂ ನದಿಕಣಿವೆ ಯೋಜನೆಗಳನ್ನು ಪರಿಸರದ ದೃಷ್ಟಿಯಿಂದ ನೋಡಿ ಎಂದು ಯೋಜನಾ ಆಯೋಗ ಹೇಳಿದ್ದು 1976-77ರಲ್ಲಿ. ಪರಿಸರ ಅನುಮತಿ ಕಡ್ಡಾಯವಾದದ್ದು 1994ರಲ್ಲಿ, ಸಾರ್ವಜನಿಕ ಅಹವಾಲು ಸಭೆ ಬಂದದ್ದು 1997ರಲ್ಲಿ. 2006ರ ಪರಿಸರ ಅಧಿಸೂಚನೆ ಜಲವಿದ್ಯುತ್ ಯೋಜನೆಗಳ ಅನುಮತಿಯನ್ನು ಹಂಚಿತು: 50 ಮೆಗಾವಾಟ್ ಮತ್ತು ಮೇಲಿನದನ್ನು ಕೇಂದ್ರಕ್ಕೆ, 25ರಿಂದ 50ರವರೆಗಿನದನ್ನು ರಾಜ್ಯಕ್ಕೆ ಕೊಟ್ಟು, 25ಕ್ಕಿಂತ ಚಿಕ್ಕದನ್ನು ಕೈಬಿಟ್ಟಿತು. ಲೋಣಾವಳ, ಮುಳಶಿಯ ಕೆರೆಗಳು ಇದಕ್ಕೆಲ್ಲ ಹಳಬರು. ಈ ಜರಡಿಯನ್ನು ಹಾಯದೆಯೇ ಕಟ್ಟಿಕೊಂಡವು.

ಈಗ ಅದೇ ಘಟ್ಟದಲ್ಲಿ ಹೊಸ ಕಡತ. ಭಿವಪುರಿಯಲ್ಲಿ 1,000, ಶಿರವಟಾದಲ್ಲಿ 1,800 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗೆ 2023ರ ಆಗಸ್ಟ್‌ನಲ್ಲಿ ಟಾಟಾ ಪವರ್ ಮತ್ತು ಮಹಾರಾಷ್ಟ್ರ ಸರ್ಕಾರ ಒಪ್ಪಂದ ಮಾಡಿಕೊಂಡಿವೆ. ಮಧ್ಯಾಹ್ನ ಸೋಲಾರ್ ಕರೆಂಟು ಅಗ್ಗವಿದ್ದಾಗ ನೀರನ್ನು ಮೇಲಕ್ಕೆತ್ತು, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಡು. 2020ರ ಅಕ್ಟೋಬರ್ 12ರಂದು ಊರಿಗೆಲ್ಲ ಕರೆಂಟು ಹೋಗಿ ಮುಂಬೈ ಲೋಕಲ್‌ನಲ್ಲಿ ಸಿಕ್ಕಿಕೊಂಡವರಿಗೆ, ನಿಮಿಷಗಳಲ್ಲಿ ಎದ್ದು ನಿಲ್ಲುವ ಕರೆಂಟಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ನನಗೂ ಅದರ ಬಗ್ಗೆ ತಕರಾರಿಲ್ಲ. ಆದರೆ ಕೆಳಗಿಳಿದ ನೀರನ್ನು ಮತ್ತೆ ಘಟ್ಟ ಹತ್ತಿಸಲು ಬರುತ್ತದೆ ಎಂದು ಯಂತ್ರವೇ ತೋರಿಸಿಕೊಡುತ್ತಿರುವಾಗ, ಭೀಮೆಯ ಪಾಲಿನ ಮಾತು ಯಾವ ಕಡತದಲ್ಲಿ ಏಳಬೇಕು?

ಪರಿಸರ ವರದಿಯ ಅಧ್ಯಯನ ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರಿಗೆ ಮುಗಿಯುತ್ತದೆ. ಅಹವಾಲು ಸಭೆ ನಡೆಯುವುದು ಯೋಜನೆ ಇರುವ ಜಿಲ್ಲೆಯಲ್ಲಿ. ವರದಿಯ ಸಾರಾಂಶ ಸಿಗುವುದು ಇಂಗ್ಲಿಷಿನಲ್ಲಿ, ಸ್ಥಳೀಯ ಭಾಷೆಯಲ್ಲಿ, ಅಂದರೆ ಇಲ್ಲಿ ಮರಾಠಿಯಲ್ಲಿ. ಅಫಜಲಪುರ ಈ ನಕಾಶೆಯಾಚೆ. ನಿಯಮದಲ್ಲಿ ಒಂದು ಕಿಂಡಿಯಿದೆ: ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸು ಹೊರಡಬೇಕು, ಯೋಜನೆಯ ಪರಿಸರದಲ್ಲಿ ತಮಗೂ ಸಂಬಂಧವಿದೆ ಎನ್ನುವವರು ದೂರದಿಂದಲೇ ಬರಹದಲ್ಲಿ ಅಭಿಪ್ರಾಯ ಕಳಿಸಬಹುದು. ಭೀಮಾ ದಂಡೆಯ ಗ್ರಾಮ ಪಂಚಾಯಿತಿಯೊಂದು ಇದನ್ನು ಬಳಸಿಕೊಳ್ಳಲು ಅಡ್ಡಿಯೇನಿಲ್ಲ. ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವರು ಯಾರು ಎಂಬ ತಲೆನೋವನ್ನು ಪುಣೆಯ ಕನ್ನಡಿಗರೇ ವಹಿಸಿಕೊಳ್ಳಬೇಕಾದೀತು.